ಆಕಾಶ ನೋಡಿ ಕೊಡುವ ರಜೆ

ಫೆಬ್ರವರಿ ೧೦

ಅಪ್ಪನಿಗೆ ನಮಸ್ಕಾರ.

ಮೊನ್ನೆ ಫೋನಿನಲ್ಲಿ ವಿಷಯ ಎತ್ತಿದ ಕೂಡಲೇ ನೀವು "ದಿನಾಂಕದ ಮಾತು ಗಾಳೀಲಿ ಆಡ್ಬೇಡ, ಕಾಗದದಲ್ಲಿ ಬರಿ" ಎಂದು ಇಟ್ಟುಬಿಟ್ಟಿರಿ. ಅದಕ್ಕೇ ಬರೆಯುತ್ತಿದ್ದೇನೆ.

ಮೇ ತಿಂಗಳ ಕೊನೆಯ ಕಡೆಗೆ ಈ ದೇಶದವರ ದೊಡ್ಡ ಹಬ್ಬ ಬರುತ್ತದೆ. ಸರ್ಕಾರಿ ರಜೆ. ಅಂಗಡಿ, ಆಫೀಸು, ಬಂದರು ಎಲ್ಲ ಮುಚ್ಚಿರುತ್ತದೆ. ನಮ್ಮ ಲಾಂಡ್ರಿಯ ಯಂತ್ರಗಳು ವರ್ಷಕ್ಕೆ ಒಮ್ಮೆ ಬಾಯಿ ಮುಚ್ಚುವುದು ಆಗಲೇ. ಮಿಕ್ಕ ದಿನ ಹೋಟೆಲುಗಳ ಹಾಸಿಗೆ ಬಟ್ಟೆ ಬರುತ್ತಲೇ ಇರುತ್ತದೆ, ನಾವು ಇಸ್ತ್ರಿ ಹಾಕುತ್ತಲೇ ಇರುತ್ತೇವೆ. ನೀವೂ ಅಮ್ಮನೂ ಆ ರಜೆಗೆ ಬರಬೇಕು. ಕೆಲಸಕ್ಕೆ ಸೇರಿದಾಗಿನಿಂದ ಕರೆಯುತ್ತಿದ್ದೇನೆ, ನೀವು ಪ್ರತಿ ಸಲವೂ ಗಡಿಯಾರಗಳ ಹೆಸರು ಹೇಳಿ ತಪ್ಪಿಸಿಕೊಂಡಿದ್ದೀರಿ. ಈ ಸಲ ಅದು ನಡೆಯುವುದಿಲ್ಲ. ನನ್ನ ರೂಮಿನ ಜೊತೆಗಾತಿ ಊರಿಗೆ ಹೋಗುತ್ತಾಳೆ, ಮಂಚ ಖಾಲಿ ಇರುತ್ತದೆ. ಒಂದು ರಾತ್ರಿಯ ಹಡಗು, ಅಷ್ಟೇ.

ಹಬ್ಬದ ದಿನ ಯಾವುದೆಂದು ಇನ್ನೂ ನಿಗದಿಯಾಗಿಲ್ಲ. ಇಲ್ಲಿನ ಹಿರಿಯರು ಆಕಾಶದಲ್ಲಿ ಚಂದ್ರನನ್ನು ನೋಡಿ, ಹಿಂದಿನ ದಿನ ಸಂಜೆ ಹೇಳುತ್ತಾರೆ.

ನಿಮ್ಮ ದೊಡ್ಡ ಮಗಳು

*

ಫೆಬ್ರವರಿ ೨೪

ಮಗಳಿಗೆ ಆಶೀರ್ವಾದ.

ಕಾಗದ ತಲುಪಿತು. ಎರಡು ಸಲ ಓದಿದೆ. ಕೊನೆಯ ಸಾಲು ಓದುವಾಗ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ.

ಒಂದು ದೇಶದ ಸರ್ಕಾರಕ್ಕೆ ತನ್ನ ರಜೆ ಯಾವ ದಿನ ಎಂದು ಹಿಂದಿನ ಸಂಜೆಯವರೆಗೂ ಗೊತ್ತಿರುವುದಿಲ್ಲ ಎಂದರೆ ಏನರ್ಥ? ಮೋಡ ಕವಿದರೆ ಏನು ಮಾಡುತ್ತಾರೆ? ನೋಡುವವನಿಗೆ ನೆಗಡಿಯಾಗಿ ಮಲಗಿದ್ದರೆ? ನಾನು ತಪ್ಪು ತಿಳಿದು ಬರೆಯುತ್ತಿಲ್ಲ. ಅವರ ದೇವರು, ಅವರ ಹಬ್ಬ, ಅದರಲ್ಲಿ ನನ್ನ ಮಾತಿಲ್ಲ. ಆದರೆ ನಾನು ಗಡಿಯಾರ ರಿಪೇರಿ ಮಾಡುವವನು. ಯಾವ ದಿನ ಎಂದು ಗೊತ್ತಿಲ್ಲದ ದಿನಕ್ಕೆ ಟಿಕೆಟ್ ತೆಗೆಯಲು ನನ್ನ ಕೈ ಬರುವುದಿಲ್ಲ.

ಅದೂ ಅಲ್ಲದೆ ಅಂಗಡಿಯಲ್ಲಿ ಕೀಲಿ ಕೊಡುವ ಗಡಿಯಾರಗಳು ಗೋಡೆ ತುಂಬ ಇವೆ. ಅವಕ್ಕೆ ಯಾರು ಕೀಲಿ ಕೊಡುತ್ತಾರೆ? ನಿನ್ನ ತಂಗಿ ಕೊಡುತ್ತೇನೆ ಅನ್ನುತ್ತಾಳೆ. ಕೀಲಿ ಬಿಗಿ ಮಾಡಿ ಸ್ಪ್ರಿಂಗ್ ಮುರಿದರೆ ಅಳುವವಳೂ ಅವಳೇ.

ಮಿಕ್ಕಿದ್ದು ನಿನ್ನ ಅಮ್ಮನ ವಿಷಯ. ನಿನಗೆ ಗೊತ್ತೇ ಇದೆ. ಹಡಗು ಇವಳಿಗಾಗಿ ಕಾಯುವುದಿಲ್ಲ.

ಯೋಚಿಸಿ ಬರಿ. ಮುಳ್ಳು ಓಡುತ್ತಾ ಇದೆ.

ಅಪ್ಪ

*

ಮಾರ್ಚ್ ೮

ತಂಗೀ,

ಈ ಕಾಗದವನ್ನು ನಿನ್ನ ಕೆಲಸದ ವಿಳಾಸಕ್ಕೆ ಕಳಿಸಿದ್ದೇನೆ. ಓದಿ ಹರಿದು ಹಾಕು. ನಿನ್ನ ಔಷಧಿ ಅಂಗಡಿಯ ಯಜಮಾನ ಕೇಳಿದರೆ ಡಾಕ್ಟರ ಚೀಟಿ ಅನ್ನು.

ನಾನು ಅಪ್ಪ ಅಮ್ಮನನ್ನು ಕರೆಯುತ್ತಿರುವುದು ಊರು ನೋಡಲಿ ಎಂದಲ್ಲ. ಒಬ್ಬರನ್ನು ನೋಡಲಿ ಎಂದು. ನಮ್ಮ ಕಟ್ಟಡದ ಲಿಫ್ಟ್ ರಿಪೇರಿ ಮಾಡುವವರು. ಕೆಳಗೆ ಲಾಂಡ್ರಿ, ಮೇಲೆ ನಮ್ಮ ರೂಮುಗಳು, ನಡುವೆ ಹಾಸಿಗೆ ಬಟ್ಟೆಯ ಗಾಡಿ ಹೊತ್ತು ಓಡಾಡುವ ಒಂದು ಮುದಿ ಲಿಫ್ಟ್. ಅದು ಕೆಡುತ್ತಿತ್ತು, ಅವರು ಬರುತ್ತಿದ್ದರು. ಈಗ ಕೆಡದಿದ್ದರೂ ಬರುತ್ತಾರೆ.

ಅವರು ಇಲ್ಲಿಯವರೇ. ಆ ಹಬ್ಬ ಅವರ ಮನೆಯ ಹಬ್ಬ. ಅವರ ತಾಯಿ ಅಂದು ಊಟಕ್ಕೆ ಕರೆದಿದ್ದಾರೆ, ನನ್ನನ್ನೂ, ನನ್ನವರನ್ನೂ. ಅವರಿಗೆ ನನ್ನವರು ಅಂದರೆ ಯಾರು ಎಂದು ನೋಡಬೇಕಂತೆ. ಒಂದೇ ಮೇಜಿನಲ್ಲಿ ಎರಡೂ ಮನೆಯವರು ಕುಳಿತ ಮೇಲೆ ಹೇಳುವುದು ಸುಲಭ. ಕಾಗದದಲ್ಲಿ ಬರೆದರೆ ಅಪ್ಪ ಅದನ್ನು ಮಡಿಸಿ ಡ್ರಾಯರಿನಲ್ಲಿ ಇಡುತ್ತಾರೆ, ಆಮೇಲೆ ಆ ವಿಷಯವೇ ಹುಟ್ಟಲಿಲ್ಲ ಎಂಬಂತೆ ಇರುತ್ತಾರೆ. ಅವರು ಬೇಡ ಅಂದರೆ ನಾನು ಜಗಳ ಆಡಿಯೇನು. ಅವರು ಏನೂ ಅನ್ನದೆ ಹೋದರೆ ನನ್ನಿಂದ ಏನೂ ಆಗುವುದಿಲ್ಲ. ನಿನಗೆ ಗೊತ್ತು.

ಒಂದು ದೊಡ್ಡ ತೊಂದರೆ ಇದೆ. ಅವರು ಕೈಗೆ ಗಡಿಯಾರ ಕಟ್ಟುವುದಿಲ್ಲ. ಲಿಫ್ಟಿನ ಹಗ್ಗ ಸರಪಳಿಗಳ ನಡುವೆ ಕೈ ಹಾಕುವವರು ಕಟ್ಟಬಾರದಂತೆ, ಅಪಾಯವಂತೆ. ಅಪ್ಪ ಮನುಷ್ಯರ ಮುಖಕ್ಕಿಂತ ಮೊದಲು ಮಣಿಕಟ್ಟು ನೋಡುವವರು. ಅದಕ್ಕೇ ಒಂದು ವಾಚು ತಂದು ಹಬ್ಬದ ದಿನ ಕಟ್ಟಿಕೊಳ್ಳಿ ಎಂದು ಹೇಳಿದ್ದೇನೆ. "ಎಷ್ಟು ಹೊತ್ತು ಕಟ್ಕೋಬೇಕು?" ಎಂದು ಕೇಳಿದರು. ಊಟ ಮುಗಿಯುವವರೆಗೆ ಅಂದಿದ್ದೇನೆ.

ಅಕ್ಕ

*

ಮಾರ್ಚ್ ೨೦

ಪ್ರೀತಿಯ ಅಕ್ಕಾ,

ಹರಿದು ಹಾಕಲಿಲ್ಲ. ಕೆಮ್ಮಿನ ಔಷಧಿಯ ರಟ್ಟಿನ ಡಬ್ಬದಲ್ಲಿ ಇಟ್ಟಿದ್ದೇನೆ. ಆ ಔಷಧಿಯನ್ನು ಯಾರೂ ಕೊಳ್ಳುವುದಿಲ್ಲ.

ಲಿಫ್ಟಿನವರು ನೋಡಲು ಹೇಗಿದ್ದಾರೆ, ಅದನ್ನೇ ಬರೆದಿಲ್ಲವಲ್ಲ. ಹಗ್ಗ, ಸರಪಳಿ ಎಲ್ಲ ಬರೆದಿದ್ದೀಯ.

ಮನೆಯಲ್ಲಿ ಸ್ಥಿತಿ ಹೀಗಿದೆ. ಅಪ್ಪ ಬರುವುದಿಲ್ಲ ಎಂದು ಬಾಯಲ್ಲಿ ಹೇಳುತ್ತಾರೆ, ಆದರೆ ಹಡಗಿನ ವೇಳಾಪಟ್ಟಿ ತಂದು ಅಂಗಡಿಯಲ್ಲಿ ತೂಗುಹಾಕಿದ್ದಾರೆ. ನನ್ನನ್ನು ಕೂರಿಸಿಕೊಂಡು ಕೀಲಿ ಕೊಡುವ ಪಾಠ ಹೇಳಿಕೊಡುತ್ತಿದ್ದಾರೆ. "ಬಿಗಿಯಾಗೋ ಮುಂಚೆ ಕೈಗೆ ಗೊತ್ತಾಗತ್ತೆ" ಅನ್ನುತ್ತಾರೆ. ನನ್ನ ಕೈಗೆ ಏನೂ ಗೊತ್ತಾಗುತ್ತಿಲ್ಲ. ಔಷಧಿ ಅಂಗಡಿಯಿಂದ ಬಂದು ಸಂಜೆಯೆಲ್ಲ ಇದೇ ಕೆಲಸ.

ಅಮ್ಮ ಈಗಲೇ ಪೆಟ್ಟಿಗೆ ತೆರೆದಿಟ್ಟಿದ್ದಾಳೆ. ಅಪ್ಪ ನೋಡಿ, "ಎರಡು ತಿಂಗಳು ಮುಂಚೆ ಶುರು ಮಾಡಿದ್ದೀಯ, ಆದ್ರೂ ತಡ ಮಾಡ್ತೀಯ" ಎಂದರು. ಅಮ್ಮ, "ನೀವು ಹೇಳೋ ಟೈಮಿಗೆಲ್ಲ ಹೊರಟಿದ್ರೆ ಜೀವಮಾನ ಪೂರ್ತಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಾಲು ಊದಿಸ್ಕೊಳ್ತಿದ್ದೆ" ಎಂದಳು.

ಇದರಲ್ಲಿ ಇಬ್ಬರದೂ ನ್ಯಾಯವೇ. ಅಮ್ಮ ತಡ ಮಾಡುತ್ತಾಳೆ ಎಂದು ಅಪ್ಪ ಏಳರ ಬಸ್ಸಿಗೆ ಆರೂವರೆ ಎನ್ನುತ್ತಾರೆ. ಅಪ್ಪ ಹಾಗೆ ಹೇಳುತ್ತಾರೆ ಎಂದು ತಿಳಿದ ಅಮ್ಮ ಏಳಕ್ಕೆ ಸರಿಯಾಗಿ ತಯಾರಾಗುತ್ತಾಳೆ. ಮದುವೆಯಾದ ಮೇಲೆ ಅಪ್ಪ ಅವಳಿಗೆ ನಿಜವಾದ ಟೈಮು ಹೇಳಿದ್ದು ಒಂದು ಸಲವೂ ಇಲ್ಲ. ಹೇಳಿದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತು.

ಆದ್ದರಿಂದ ನೀನು ದಿನಾಂಕ ಬರೆಯುವಾಗ ಸ್ವಲ್ಪ ನೋಡಿಕೊಂಡು ಬರಿ.

ತಂಗಿ

*

ಏಪ್ರಿಲ್ ೪

ನನ್ನ ಮುದ್ದು ಮಗಳೇ,

ನಿನ್ನಪ್ಪ ಬರೀತಾರೆ ಅಂತ ನಾನು ಬರೆಯುವುದಿಲ್ಲ. ಆದರೆ ಅವರು ಬರೆಯುವುದರಲ್ಲಿ ಊಟ ತಿಂಡಿ ಇರುವುದಿಲ್ಲ. ಸರಿಯಾಗಿ ಊಟ ಮಾಡುತ್ತಿದ್ದೀಯಾ? ಇಸ್ತ್ರಿಯ ಬಿಸಿಗೆ ಕೂದಲು ಉದುರುತ್ತಿದೆಯಾ?

ಹಡಗಿನಲ್ಲಿ ಮಲಗಿದರೆ ಬೀಳುವುದಿಲ್ಲವಾ? ಪಕ್ಕದ ಮನೆಯಾಕೆ, "ಹಡಗಿನಲ್ಲಿ ವಾಂತಿ ಬಂದರೆ ದಡ ಕಾಣೋ ತನಕ ನಿಲ್ಲಲ್ಲ" ಎಂದಳು. ಅವಳು ಹಡಗು ಹತ್ತಿದವಳಲ್ಲ, ಆದರೂ ಹೆದರಿಕೆ ಆಯಿತು.

ಇನ್ನೊಂದು ವಿಷಯ. ನೀನು ಒಂದು ವರ್ಷದಿಂದ ಬರೆದ ಕಾಗದಗಳನ್ನೆಲ್ಲ ಮೊನ್ನೆ ಪೆಟ್ಟಿಗೆ ತುಂಬುವಾಗ ಓದಿದೆ. ಪ್ರತಿಯೊಂದರಲ್ಲೂ ಲಿಫ್ಟ್ ಕೆಟ್ಟಿದೆ. ಅಷ್ಟು ಕೆಡುವ ಲಿಫ್ಟನ್ನು ರಿಪೇರಿ ಮಾಡುವವನಿಗೆ ಕೆಲಸ ಬರುವುದಿಲ್ಲ ಎಂದು ಕಾಣುತ್ತದೆ. ಅಥವಾ ಬೇಕೆಂದೇ ಬಿಡುತ್ತಿದ್ದಾನೆ. ನಾನು ಏನೂ ಕೇಳುತ್ತಿಲ್ಲ. ಬಂದ ಮೇಲೆ ಮೆಟ್ಟಿಲು ಹತ್ತುತ್ತೇನೆ, ಅಷ್ಟೇ.

ಅಮ್ಮ

*

ಏಪ್ರಿಲ್ ೧೮

ಅಪ್ಪನಿಗೆ,

ವಿಚಾರಿಸಿದೆ. ಚಂದ್ರ ಮೇ ಇಪ್ಪತ್ತೊಂದರ ಸಂಜೆ ಕಂಡರೆ ಹಬ್ಬ ಇಪ್ಪತ್ತೆರಡಕ್ಕೆ. ಕಾಣದಿದ್ದರೆ ಇಪ್ಪತ್ತಮೂರಕ್ಕೆ. ಇದಕ್ಕಿಂತ ಹೆಚ್ಚು ಹೇಳಲು ಈ ದೇಶದಲ್ಲಿ ಯಾರಿಂದಲೂ ಆಗುವುದಿಲ್ಲ. ಮೋಡ ಇದ್ದರೆ ಬೇರೆ ಊರಿನಲ್ಲಿ ಕಂಡವರ ಮಾತು ನಂಬುತ್ತಾರಂತೆ.

ನೀವು ಮೇ ಇಪ್ಪತ್ತರ ಬೆಳಿಗ್ಗೆ ಇಲ್ಲಿ ಇಳಿಯಲೇಬೇಕು. ಆಮೇಲೆ ಬಂದರೆ ಪ್ರಯೋಜನವಿಲ್ಲ. ಹಬ್ಬ ಶುರುವಾದರೆ ಹಡಗು ಮೂರು ದಿನ ಬಂದರಿನಲ್ಲೇ ಮಲಗಿರುತ್ತದೆ.

ಲಿಫ್ಟ್ ಈಗ ಚೆನ್ನಾಗಿ ಓಡುತ್ತಿದೆ ಎಂದು ಅಮ್ಮನಿಗೆ ಹೇಳಿ.

ನಿಮ್ಮ ದೊಡ್ಡ ಮಗಳು

(ತಂಗಿಗೆ ಬೇರೆ ಚೀಟಿ: ಇಪ್ಪತ್ತೊಂದಕ್ಕೆ ಬಂದರೂ ಸಾಕು. ನಮ್ಮ ಮನೆ ಗೊತ್ತಿರುವುದರಿಂದ ಒಂದು ದಿನ ಮುಂದೆ ಹಾಕಿ ಬರೆದಿದ್ದೇನೆ. ಬಾಯಿ ಬಿಡಬೇಡ. ಇಪ್ಪತ್ತರ ತನಕ ನನಗೆ ಎರಡು ಪಾಳಿ ಕೆಲಸ, ಹಬ್ಬಕ್ಕೆ ಹೋಟೆಲುಗಳೆಲ್ಲ ತುಂಬಿವೆ. ವಾಚು ಇನ್ನೂ ಕೊಂಡಿಲ್ಲ, ಇಪ್ಪತ್ತಕ್ಕೆ ಕೊಳ್ಳುತ್ತೇವೆ.)

*

ಮೇ ೧೨

ಅಕ್ಕಾ, ತುರ್ತು,

ನೀನು ಈ ಕಾಗದವನ್ನು ನಿಂತುಕೊಂಡು ಓದುವ ಬದಲು ಕುಳಿತು ಓದು.

ನೀನು ಒಂದು ದಿನ ಸೇರಿಸಿ ಇಪ್ಪತ್ತು ಅಂದೆ. ಅಪ್ಪ, ಅಮ್ಮನ ತಡವನ್ನು ಲೆಕ್ಕ ಹಾಕಿ, ಒಂದು ಹಡಗು ತಪ್ಪಿಸಿಕೊಳ್ಳುತ್ತಾಳೆ ಎಂದು ಹತ್ತೊಂಬತ್ತಕ್ಕೆ ತಲುಪುವ ಟಿಕೆಟ್ ತೆಗೆದರು. ಇದು ಅವರ ಗುಟ್ಟು, ನನಗೆ ಮಾತ್ರ ಹೇಳಿದರು. ಇವತ್ತು ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿ, ತಾನೇ ಟಿಕೆಟ್ ಕೌಂಟರಿಗೆ ಹೋಗಿ ಅದನ್ನು ಹದಿನೆಂಟಕ್ಕೆ ಬದಲಾಯಿಸಿಕೊಂಡು ಬಂದೆ ಎಂದಳು. "ಯಾಕಮ್ಮ?" ಎಂದರೆ, "ನನ್ನ ತಡ ನನಗೆ ಗೊತ್ತಿಲ್ವಾ? ಒಂದು ಹಡಗು ತಪ್ಪಿದ್ರೂ ನಿಮ್ಮಪ್ಪ ಬಾಯಿ ಬಿಡೋ ಹಾಗಿಲ್ಲ" ಎಂದಳು.

ಕೌಂಟರಿನವನು ಟಿಕೆಟ್ ಮೇಲೆ ಹೊಸ ದಿನ ಹಾಕಿ ಕೊಟ್ಟಿದ್ದಾನೆ. ಅಪ್ಪನಿಗೆ ಹೊರಡುವ ದಿನ ಬೆಳಿಗ್ಗೆ ತೋರಿಸುತ್ತಾಳಂತೆ.

ಹಡಗು ತಪ್ಪುವುದು ಖಂಡಿತ, ಹಾಗಾಗಿ ಭಯವಿಲ್ಲ. ಆದರೂ ಗೊತ್ತಿರಲಿ ಎಂದು ಬರೆದೆ.

ತಂಗಿ

*

ಮೇ ೧೯

ಚಿಕ್ಕವಳೇ,

ಕ್ಷೇಮವಾಗಿ ತಲುಪಿದ್ದೇವೆ. ವಾಂತಿ ಆಗಲಿಲ್ಲ. ಪಕ್ಕದ ಮನೆಯಾಕೆಗೆ ಹೇಳು.

ಹಡಗು ತಪ್ಪಲಿಲ್ಲ. ನಾವು ಬಂದರಿಗೆ ಹೋದಾಗ ಅದು ಹೊರಟುಹೋಗಿರಬೇಕಾಗಿತ್ತು. ಆದರೆ ಏನೋ ಕೆಟ್ಟು ಅದೂ ತಡ ಮಾಡಿಕೊಂಡು ನಿಂತಿತ್ತು. ನಿನ್ನಪ್ಪ ಹತ್ತಿದ ಮೇಲೂ, "ಇದು ಹೋಗಿರಬೇಕಿತ್ತು" ಎಂದು ಗೊಣಗುತ್ತಲೇ ಇದ್ದರು. ಹಡಗು ಸಿಕ್ಕಿದ್ದಕ್ಕೆ ಬೇಜಾರು ಮಾಡಿಕೊಂಡವರು ಅಂತ ನಾನು ನೋಡಿದ್ದು ಇವರನ್ನೇ.

ನಿನ್ನೆ ಮಧ್ಯಾಹ್ನ ಲಾಂಡ್ರಿಯ ಬಾಗಿಲಿಗೆ ಬಂದೆವು. ಕಾವಲಿನವನು, ನಿನ್ನ ಅಕ್ಕ ಪಾಳಿಯಲ್ಲಿದ್ದಾಳೆ, ಮೇಲೆ ರೂಮಿನ ಹತ್ತಿರ ಕೂತಿರಿ ಎಂದು ಕೈಸನ್ನೆಯಲ್ಲೇ ಹೇಳಿ ಲಿಫ್ಟ್ ತೋರಿಸಿದ. ನಾನು ಮೆಟ್ಟಿಲು ಅಂದೆ. ಇವರು, "ಪೆಟ್ಟಿಗೆ ಯಾರು ಹೊರ್ತಾರೆ? ಚೆನ್ನಾಗಿ ಓಡ್ತಿದೆ ಅಂತ ಬರೆದಿದ್ದಾಳಲ್ಲ" ಎಂದರು. ಒಳಗೆ ಒದ್ದೆ ಬಟ್ಟೆಯ ಗಾಡಿ, ಅದರ ಪಕ್ಕ ನಾವು. ಎರಡು ಮಹಡಿ ಹೋಗಿ ಕೆಮ್ಮಿದ ಹಾಗೆ ಸದ್ದು ಮಾಡಿ ನಿಂತಿತು. ದೀಪವೂ ಹೋಯಿತು.

ನಾನು ಒದ್ದೆ ಬಟ್ಟೆಯ ಮೇಲೆ ಕುಳಿತೆ. ಇವರು ಕತ್ತಲಲ್ಲಿ ವಾಚು ನೋಡುತ್ತಾ ನಿಂತರು. ಆಮೇಲೆ ಮೇಲಿಂದ ಒಂದು ಗಂಡು ದನಿ ಬಂತು. ನಮ್ಮ ಭಾಷೆ. ತಡವರಿಸಿ ತಡವರಿಸಿ, ಆದರೆ ನಮ್ಮ ಭಾಷೆಯೇ.

"ಹೆದರ್ಬೇಡಿ. ಯಾರು ಒಳಗೆ?"

"ನಾವಪ್ಪ, ಮಗಳನ್ನ ನೋಡೋಕೆ ಬಂದವರು" ಎಂದೆ. ಮೇಲೆ ಏನೋ ಕೈಯಿಂದ ಜಾರಿ ಬಿದ್ದ ಸದ್ದು ಬಂತು. ಆಮೇಲೆ, "ಇಪ್ಪತ್ತಕ್ಕೆ ಅಲ್ವಾ?" ಎಂದಿತು ದನಿ.

ನನಗೆ ಆಗಲೇ ಹೊಳೆಯಬೇಕಿತ್ತು. ಗಾಬರಿಯಲ್ಲಿ ಹೊಳೆಯಲಿಲ್ಲ. ಗಾಬರಿಯಾದರೆ ನಾನು ಮಾತಾಡುತ್ತೇನೆ, ನಿನಗೆ ಗೊತ್ತಲ್ಲ. ಅವನು ಮೇಲೆ ಏನೋ ತಿರುಗಿಸುತ್ತಿದ್ದ, ನಾನು ಕೆಳಗಿಂದ ಎಲ್ಲವನ್ನೂ ಹೇಳಿದೆ. ಮಗಳಿಗೆ ಯಾರೋ ಹುಡುಗ ಇದ್ದಾನೆ ಅಂತ ನನಗೆ ಅನುಮಾನ, ಹೇಳೋಕೆ ಹೆದರುತ್ತಿದ್ದಾಳೆ, ಅಪ್ಪನಿಗೆ ಹೆದರುವುದೇನೂ ಬೇಡ, ಇವರು ಬೈಯುವುದಿಲ್ಲ, ಮಾತು ಬಿಡುತ್ತಾರೆ, ಅಷ್ಟೇ. ಇವರು ಕತ್ತಲಲ್ಲೇ, "ಗೊತ್ತಿಲ್ಲದವನ ಹತ್ತಿರ ಏನೇ ಇದು" ಎಂದರು. ಮೇಲಿನವನು, "ಪರ್ವಾಗಿಲ್ಲ, ಹೇಳಿ" ಎಂದ.

ಅಂತೂ ಬಾಗಿಲು ಅರ್ಧ ತೆರೆಯಿತು. ಮೇಲಿನ ಮಹಡಿಯ ನೆಲ ನಮ್ಮ ಎದೆಯ ಮಟ್ಟಕ್ಕಿತ್ತು. ಅಲ್ಲಿಂದ ಎರಡು ಕೈ ಇಳಿದು ಬಂದವು. ಗ್ರೀಸು ಮೆತ್ತಿದ ಕೈ. ಇವರ ಕಣ್ಣು ನೇರ ಮಣಿಕಟ್ಟಿಗೆ ಹೋಯಿತು. ಬೋಳು.

ನಾನು ಪೆಟ್ಟಿಗೆ ಮೊದಲೋ ನಾನು ಮೊದಲೋ ಎಂದು ಯೋಚಿಸುತ್ತಾ ನಿಂತಿದ್ದೆ. ಆಗ ಅವನು ಹೇಳಿದ, "ಮುಳ್ಳು ಓಡ್ತಾ ಇದೆ, ಅಮ್ಮ. ಬೇಗ ಕೈ ಕೊಡಿ."

ಆ ಮಾತು ಈ ಲೋಕದಲ್ಲಿ ನಮ್ಮ ಮನೆ ಬಿಟ್ಟರೆ ಬೇರೆ ಎಲ್ಲೂ ಇಲ್ಲ. ನಾನು ಇವರ ಮುಖ ನೋಡಿದೆ. ಇವರು ನನ್ನ ಮುಖ ನೋಡಿದರು.

ಹೊರಗೆ ಬಂದ ಮೇಲೆ ಇವರು ಬಟ್ಟೆ ಕೊಡವಿಕೊಂಡು ಅವನನ್ನು ಕೇಳಿದ್ದು ಒಂದೇ ಮಾತು. "ಟೈಮೆಷ್ಟು?"

ಅವನು ಬೋಳು ಕೈ ನೋಡಿಕೊಂಡ. ಕಿಟಕಿ ನೋಡಿದ. "ಊಟದ ಹೊತ್ತು ಆಗಿರ್ಬೇಕು. ಹಸಿವಾಗ್ತಿದೆ" ಎಂದ.

ಇವರು ಆಮೇಲೆ ಮಾತಾಡಿಲ್ಲ. ನನಗಂತೂ ಲಿಫ್ಟಪ್ಪ ಒಳ್ಳೆಯವನು ಅನ್ನಿಸಿದ. ನನ್ನನ್ನು ಮೇಲೆ ಎಳೆದುಕೊಳ್ಳುವಾಗ ಭಾರ ಅಂತ ಮುಖ ಸಿಂಡರಿಸಲಿಲ್ಲ.

ಅಮ್ಮ

*

ಮೇ ೨೧

ತಂಗೀ,

ಕುಳಿತು ಓದು ಎಂದು ಬರೆದ ನಿನ್ನ ಕಾಗದ ಇವತ್ತು ಬಂತು. ಹಬ್ಬದ ಗಡಿಬಿಡಿಯಲ್ಲಿ ಅಂಚೆಯವರು ಎಲ್ಲವನ್ನೂ ರಾಶಿ ಹಾಕಿದ್ದಾರಂತೆ. ಮೂರು ದಿನ ಮುಂಚೆ ಬಂದಿದ್ದರೆ ನಾನು ಆ ಲಿಫ್ಟಿಗೆ ಬೀಗ ಹಾಕಿಸುತ್ತಿದ್ದೆ.

ನಾನು ಯೋಚಿಸಿದ್ದು ಏನು, ಆದದ್ದು ಏನು. ಲಿಫ್ಟಿನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಗೆ ವಾಚು ಕಟ್ಟಿಕೊಂಡು, ತಾಯಿಯ ಪಕ್ಕ ನಿಂತು ನಮಸ್ಕಾರ ಅನ್ನಬೇಕಿತ್ತು. ಆ ಮಾತನ್ನು ಒಂದು ತಿಂಗಳು ಹೇಳಿಕೊಟ್ಟಿದ್ದೆ. ಅವರ ಬಾಯಲ್ಲಿ ಬಂದದ್ದು ಅಪ್ಪನ ಮುಳ್ಳಿನ ಮಾತು. ನಾನು ಇಸ್ತ್ರಿ ಮುಗಿಸಿ ಓಡುವಾಗ ದಿನಾ ಹೇಳುತ್ತಿದ್ದೆನಲ್ಲ, ಅದು ಬಾಯಿಗೆ ಹತ್ತಿಬಿಟ್ಟಿದೆ.

ಅಪ್ಪ ಜಗಳ ಆಡಲಿಲ್ಲ. ನಾನು ಎಲ್ಲವನ್ನೂ ಹೇಳಿದೆ, ಅವರ ತಾಯಿ ಕರೆದಿರುವುದನ್ನೂ. ಅಪ್ಪ ಕೇಳಿಸಿಕೊಂಡು, "ಸರಿ" ಎಂದರು. ಅಂಥ ಸರಿ ನಿನಗೆ ಗೊತ್ತು. ಆಮೇಲೆ ಲಾಂಡ್ರಿಯ ಗೋಡೆ ಗಡಿಯಾರ ನಿಧಾನ ಹೋಗುತ್ತಿದೆ ಎಂದು ಅದನ್ನು ಇಳಿಸಿ ಬಿಚ್ಚಿ ಕುಳಿತರು. ಎರಡು ದಿನದಿಂದ ಅದೇ. ಮೇಲ್ವಿಚಾರಕಿಗೆ ಖುಷಿ.

ಲಿಫ್ಟಿನವರು ನಿನ್ನೆ ಬಂದು ದೂರದಲ್ಲಿ ನಿಂತು ಅಪ್ಪ ಚಕ್ರಗಳನ್ನು ಒರೆಸುವುದನ್ನು ನೋಡಿದರು. ಅಪ್ಪ ತಲೆ ಎತ್ತದೆ, "ಬೆಳಕಿಗೆ ಅಡ್ಡ ನಿಲ್ಬೇಡಪ್ಪ" ಎಂದರು. ಅವರು ಸರಿದು ನಿಂತರು, ಹೋಗಲಿಲ್ಲ. ಇಬ್ಬರೂ ಒಂದು ಗಂಟೆ ಹಾಗೇ ಇದ್ದರು. ಇದನ್ನು ಮಾತುಕತೆ ಅನ್ನಬಹುದಾ? ನೀನೇ ಹೇಳು.

ರಾತ್ರಿ ಅಮ್ಮ ನನ್ನ ಪಕ್ಕ ಮಲಗಿ, "ದೇವರು ಬೇರೆ ಅನ್ನೋದಕ್ಕೆ ನಿಮ್ಮಪ್ಪ ಏನೂ ಅಂದ್ಕೊಂಡಿಲ್ಲ ಕಣೇ. ನೆಂಟರು ಕೇಳಿದ್ರೆ ಏನು ಹೇಳೋದು ಅಂತ ಯೋಚಿಸ್ತಿದ್ದಾರೆ. ಏನೂ ಹೊಳೆದಿಲ್ಲ, ಅದಕ್ಕೇ ಕೋಪ" ಎಂದಳು.

ಇವತ್ತು ಸಂಜೆ ಎಲ್ಲರೂ ಆಕಾಶ ನೋಡಿದರು. ಮೋಡ. ಬೇರೆ ಊರಿನಲ್ಲೂ ಕಾಣಲಿಲ್ಲವಂತೆ. ಹಬ್ಬ ಇಪ್ಪತ್ತಮೂರಕ್ಕೆ. ಅದನ್ನು ಕೇಳಿ ಅಪ್ಪ ಈಗ ತಾನೇ ಹೇಳಿದರು, ನಾಳೆ ಸಂಜೆಯ ಹಡಗಿಗೆ ಹೊರಡುತ್ತಾರಂತೆ. ಹಬ್ಬಕ್ಕೆ ಮುಂಚಿನ ಕೊನೆಯ ಹಡಗು. "ಬೇರೆಯವರ ಹಬ್ಬದ ಮನೇಲಿ ನಾವು ಅಡ್ಡ ಆಗ್ಬಾರ್ದು" ಎಂದರು. ಹಿಂದಿರುಗಿ ಹೋದರೆ ಈ ವಿಷಯವೂ ಡ್ರಾಯರಿಗೆ ಹೋಗುತ್ತದೆ. ನನಗೆ ಗೊತ್ತು.

ಅಕ್ಕ

*

ಮೇ ೨೨, ಬೆಳಿಗ್ಗೆ

ಚಿಕ್ಕ ಮಗಳಿಗೆ ಆಶೀರ್ವಾದ.

ನಾವು ಇವತ್ತು ಹೊರಡುತ್ತಿದ್ದೇವೆ. ಹಡಗು ಸಂಜೆ ಐದಕ್ಕೆ.

ಅಂಗಡಿಯ ಕಂಬದ ಮೇಲಿನ ಗಡಿಯಾರಕ್ಕೆ ಕೀಲಿ ಕೊಟ್ಟೆಯಾ? ನಿಧಾನವಾಗಿ ಕೊಡು. ಕೈ ಮಾತು ಕೇಳು.

ಇಲ್ಲಿನ ಗೋಡೆ ಗಡಿಯಾರದಲ್ಲಿ ಏನೂ ಕೆಟ್ಟಿರಲಿಲ್ಲ. ದೂಳು ಇತ್ತು. ಒರೆಸಿದ ಮೇಲೆ ಸರಿಯಾಯಿತು. ಹೊರಗಿಂದ ನೋಡಿದವರಿಗೆ ಕೆಟ್ಟಿದೆ ಅನ್ನಿಸುತ್ತಿತ್ತು, ಅಷ್ಟೇ.

ಆ ಹುಡುಗ ಕಷ್ಟಪಟ್ಟು ಕೆಲಸ ಮಾಡುತ್ತಾನೆ. ಕೆಲಸ ಮಾಡುವಾಗ ವಾಚು ಕಟ್ಟಿದರೆ ಕೈ ಸಿಕ್ಕಿಕೊಳ್ಳುತ್ತದೆಯಂತೆ. ಅದು ನ್ಯಾಯ. ಕೆಲಸ ಇಲ್ಲದಾಗಲೂ ಕಟ್ಟುವುದಿಲ್ಲವಲ್ಲ, ಅದಕ್ಕೆ ಏನು ಹೇಳುತ್ತಾನೋ ಗೊತ್ತಿಲ್ಲ. ನಾನು ಕೇಳಿಲ್ಲ.

ಅಪ್ಪ

*

ಮೇ ೨೫

ತಂಗೀ,

ಅಪ್ಪ ಅಮ್ಮ ಇನ್ನೂ ಇಲ್ಲೇ ಇದ್ದಾರೆ. ಗಾಬರಿಯಾಗಬೇಡ.

ಇಪ್ಪತ್ತೆರಡರ ಬೆಳಿಗ್ಗೆ ಅಪ್ಪ ಅಮ್ಮನಿಗೆ, "ಹಡಗು ಐದಕ್ಕೆ" ಎಂದರು. ಅಮ್ಮ, "ಆಯ್ತು" ಎಂದಳು. ನಾಲ್ಕು ಗಂಟೆಗೆ ಅಪ್ಪ ಪೆಟ್ಟಿಗೆ ಹಿಡಿದು ಬಂದರಿಗೆ ಹೋದರು, ನಾನೂ ಲಿಫ್ಟಿನವರೂ ಜೊತೆಗೆ. ಅಮ್ಮ ನಿನಗೆ ಒಂದು ಕೈಚೀಲ ಕೊಂಡು ನೇರವಾಗಿ ಅಲ್ಲಿಗೇ ಬರುತ್ತೇನೆ ಎಂದು ಮೇಲ್ವಿಚಾರಕಿಯ ಜೊತೆ ಪೇಟೆಗೆ ಹೋಗಿದ್ದಳು.

ಐದಾಯಿತು. ಅಮ್ಮ ಇಲ್ಲ. ಹಡಗಿನವರು ಏಣಿ ಎಳೆದುಕೊಂಡರು. ನಾನು ರಸ್ತೆ ನೋಡುವುದು, ಅಪ್ಪನ ಮುಖ ನೋಡುವುದು. ಅಪ್ಪ ಹಡಗಿಗೆ ಕೂಗಲಿಲ್ಲ, ಓಡಲಿಲ್ಲ. ಪೆಟ್ಟಿಗೆಯ ಮೇಲೆ ಕುಳಿತು ವಾಚು ನೋಡಿ, "ಇದು ಸರಿಯಾದ ಟೈಮಿಗೆ ಹೋಯ್ತು" ಎಂದರು. ಹೊಗಳಿದ ಹಾಗಿತ್ತು.

ಐದೂಕಾಲು ದಾಟಿದ ಮೇಲೆ ಅಮ್ಮ ಕೈಚೀಲ ಬೀಸಿಕೊಂಡು, ನಗುನಗುತ್ತಾ ಬಂದಳು. ನೀರಿನಲ್ಲಿ ಹಡಗಿಲ್ಲ. ನಗು ನಿಂತಿತು.

"ಏನ್ರೀ ಇದು, ಐದು ಅಂದ್ರೆ ಐದೂವರೆ ಅಲ್ವಾ?"

"ಐದು ಅಂದೆ. ಐದಕ್ಕೇ ಹೋಯ್ತು."

"ನಿಜವಾದ ಟೈಮು ಹೇಳಿದ್ರಾ?"

"ಹೇಳಿದೆ."

"ನನಗಾ?"

ಲಿಫ್ಟಿನವರಿಗೆ ಏನೂ ಅರ್ಥವಾಗಲಿಲ್ಲ. ನಿಜ ಹೇಳಿದ್ದಕ್ಕೆ ಯಾಕೆ ಜಗಳ ಎಂದು ನನ್ನನ್ನು ಕೇಳಿದರು. ಆಮೇಲೆ ಹೇಳುತ್ತೇನೆ ಅಂದೆ.

ಇನ್ನು ಮೂರು ದಿನ ಹಡಗಿಲ್ಲ. ಅಷ್ಟರಲ್ಲಿ ಕತ್ತಲಾಗುವ ಹೊತ್ತು, ದಡದ ತುಂಬ ಜನ ತಲೆ ಎತ್ತಿ ನಿಂತಿದ್ದರು. ಹಬ್ಬ ಹೇಗೂ ನಾಳೆಯೇ, ಆದರೂ ಚಂದ್ರನನ್ನು ಕಣ್ಣಾರೆ ನೋಡಬೇಕಂತೆ. ಲಿಫ್ಟಿನವರ ತಾಯಿಯೂ ಬಂದಿದ್ದರು. ಗಟ್ಟಿ ಮುದುಕಿ. ಅಪ್ಪನ ತೋಳು ಹಿಡಿದು ತಿರುಗಿಸಿ, ಅಗೋ ಅಲ್ಲಿ ಎಂದು ಬೆರಳು ತೋರಿಸಿದರು. ಅಪ್ಪ ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

"ಕಾಣ್ತಾ ಅಪ್ಪ?" ಎಂದೆ.

"ಇಲ್ಲ. ಇವರಿಗೆಲ್ಲ ಕಂಡಿದೆಯಲ್ಲ, ಸಾಕು" ಎಂದರು.

ಮಾರನೆಯ ದಿನ ಅವರ ತಾಯಿಯ ಮನೆಯಲ್ಲಿ, ನಾನು ಅಂದುಕೊಂಡಿದ್ದ ಅದೇ ಮೇಜಿನಲ್ಲಿ ಎಲ್ಲರೂ ಕುಳಿತೆವು. ಅಪ್ಪನ ಭಾಷೆ ಅವರ ತಾಯಿಗೆ ಬರುವುದಿಲ್ಲ, ಅವರದು ಅಪ್ಪನಿಗೆ ಬರುವುದಿಲ್ಲ. ಬಡಿಸಿದ್ದನ್ನೆಲ್ಲ ಅಪ್ಪ ತಿಂದರು. ಲಿಫ್ಟಿನವರು ನಾವು ಕೊಂಡ ಹೊಸ ವಾಚು ಕಟ್ಟಿಕೊಂಡು ಬಂದಿದ್ದರು, ಬಲಗೈಗೆ, ತಲೆಕೆಳಗಾಗಿ. ಅಪ್ಪ ಬಹಳ ಹೊತ್ತು ಸಹಿಸಿಕೊಂಡರು. ಕೊನೆಗೆ ಕೈ ಚಾಚಿ, ಅದನ್ನು ಬಿಚ್ಚಿ, ಕಟ್ಟುತ್ತಾರೇನೋ ಅಂದುಕೊಂಡೆ, ಮೇಜಿನ ಮೇಲೆ ಇಟ್ಟುಬಿಟ್ಟರು. "ನಿನಗೆ ಒಗ್ಗಲ್ಲ. ಬಿಡು, ಊಟ ಮಾಡು" ಎಂದರು.

ಅಮ್ಮ ಒಂದೇ ಪ್ರಶ್ನೆ ಹಿಡಿದು ಕುಳಿತಿದ್ದಾಳೆ. ಯಾಕೆ ನಿಜ ಹೇಳಿದರು ಎಂದು. ಕೇಳಿದರೆ ಅಪ್ಪ ಕಿವಿ ಕೇಳದವರ ಹಾಗೆ ಮಾಡುತ್ತಾರೆ.

ಅಕ್ಕ

*

ಜೂನ್ ೧೨

ಅಪ್ಪನಿಗೆ,

ನೀವಿಬ್ಬರೂ ಊರು ಸೇರಿದ್ದು ತಿಳಿಯಿತು. ನೀವು ಸರಿ ಮಾಡಿದ ಗೋಡೆ ಗಡಿಯಾರದಿಂದ ನಮಗೆಲ್ಲ ಕಷ್ಟವಾಗಿದೆ. ಮುಂಚೆ ಅದು ನಿಧಾನ ಇತ್ತು, ಈಗ ತಡವಾಗಿ ಬಂದರೆ ಸಿಕ್ಕಿಬೀಳುತ್ತೇವೆ.

ಹೊರಡುವ ದಿನ ದಡದಲ್ಲಿ ನೀವು ಲಿಫ್ಟಿನವರ ಹೆಗಲು ತಟ್ಟಿ, "ಬರ್ತೀವಪ್ಪ" ಎಂದಿರಿ. ಅವರು ಆ ಮಾತಿನ ಅರ್ಥ ದಿನವೂ ಕೇಳುತ್ತಿದ್ದಾರೆ. ಹೋಗುವಾಗ ಎಲ್ಲರೂ ಹಾಗೇ ಅನ್ನುತ್ತಾರೆ ಎಂದು ಹೇಳಲೋ, ಮತ್ತೆ ಬರುತ್ತಾರೆ ಎಂದು ಹೇಳಲೋ?

ಇನ್ನೊಂದು ವಿಷಯ, ಅಮ್ಮನ ಪರವಾಗಿ. ಅವತ್ತು ನೀವು ಐದಕ್ಕೆ ಐದು ಎಂದೇ ಹೇಳಿದಿರಿ. ಇಷ್ಟು ವರ್ಷದಲ್ಲಿ ಹಾಗೆ ಹೇಳಿದವರಲ್ಲ. ಮರೆತಿರಾ? ಕೋಪವಾ? ನಿಮ್ಮ ಕೈಬರಹದಲ್ಲೇ ಉತ್ತರ ಬೇಕು. ಗಾಳಿಯಲ್ಲಿ ಬೇಡ.

ನಿಮ್ಮ ದೊಡ್ಡ ಮಗಳು

*

ಜೂನ್ ೨೬

ಮಗಳಿಗೆ ಆಶೀರ್ವಾದ.

ಕಾಗದ ತಲುಪಿತು. ನಿನ್ನ ತಂಗಿ ಒಂದು ಸ್ಪ್ರಿಂಗ್ ಮುರಿದಿದ್ದಾಳೆ. ಅಳಲಿಲ್ಲ, ಅಡಗಿಸಿಟ್ಟಿದ್ದಳು. ಹಾಕಿಕೊಡುತ್ತೇನೆ.

ನಿನ್ನ ಪ್ರಶ್ನೆಗೆ ಉತ್ತರ. ನಾನು ಮರೆಯುವವನಲ್ಲ. ನಿನ್ನ ಅಮ್ಮ ನನಗೆ ಇವತ್ತು ನಿನ್ನೆ ಸಿಕ್ಕವಳಲ್ಲ. ನಾನು ಒಂದು ಚಕ್ರವನ್ನು ಮುಟ್ಟಿದರೆ ಅದರಿಂದ ಮುಂದೆ ಯಾವುದು ತಿರುಗುತ್ತದೆ, ಯಾವುದು ನಿಲ್ಲುತ್ತದೆ ಎಂದು ತಿಳಿದೇ ಮುಟ್ಟುತ್ತೇನೆ. ಹೊರಡುತ್ತೇನೆ ಎಂದು ಬಾಯಿ ಬಿಟ್ಟು ಹೇಳಿ ಆಗಿತ್ತು. ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಬರುವುದಿಲ್ಲ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ನೆಂಟರಿಗೆ ಏನು ಹೇಳಬೇಕು ಎಂದು ಈಗ ಹೊಳೆದಿದೆ. ಹುಡುಗ ಲಿಫ್ಟ್ ರಿಪೇರಿ ಮಾಡುತ್ತಾನೆ, ನಮ್ಮ ಭಾಷೆ ಮಾತಾಡುತ್ತಾನೆ, ನಮ್ಮನ್ನು ಕತ್ತಲಿಂದ ಎತ್ತಿದ್ದಾನೆ. ಇಷ್ಟು ಸಾಕು. ಮಿಕ್ಕಿದ್ದನ್ನು ಕೇಳಿದವರಿಗೆ ನನಗೆ ಕಿವಿ ಕೇಳಿಸುವುದಿಲ್ಲ ಎನ್ನುತ್ತೇನೆ.

"ಬರ್ತೀವಿ" ಎಂದರೆ ಬರುತ್ತೇವೆ ಎಂದೇ ಅರ್ಥ ಎಂದು ಆ ಹುಡುಗನಿಗೆ ಹೇಳು. ಮದುವೆಯ ದಿನವನ್ನು ಅವನ ತಾಯಿ ಆಕಾಶ ನೋಡಿಯೇ ಇಡುವುದಾದರೆ ಇಡಲಿ. ನನಗೆ ಮಾತ್ರ ನಿಜವಾದ ದಿನ ಬರಿ. ನಿನ್ನ ಅಮ್ಮನಿಗೆ ಅದಕ್ಕಿಂತ ಒಂದು ವಾರ ಮುಂಚೆಯ ದಿನ ಹೇಳುತ್ತೇನೆ. ಈ ಕಾಗದ ಅವಳ ಕಣ್ಣಿಗೆ ಬಿದ್ದಿಲ್ಲ.

ಅಪ್ಪ

ಮಗಳೇ, ಲಕೋಟೆಗೆ ಅಂಟು ಹಚ್ಚಲು ನನ್ನ ಕೈಗೆ ಕೊಟ್ಟರು, ಓದಿದೆ. ಅವತ್ತು ಪೇಟೆಯಲ್ಲಿ ಕೈಚೀಲ ಕೊಂಡು ಮುಗಿಸಿದಾಗ ಇನ್ನೂ ನಾಲ್ಕೂವರೆ. ಅಂಗಡಿಯ ಮುಂದೆ ಒಂದು ಬೆಂಚಿತ್ತು, ಐದು ಹೊಡೆಯುವ ತನಕ ಅದರ ಮೇಲೆ ಕುಳಿತಿದ್ದೆ. ನಿನ್ನಪ್ಪನಿಗೆ ಹೇಳಬೇಡ. ಮದುವೆಗೆ ಒಂದು ವಾರ ಮುಂಚೆಯೇ ಬರುತ್ತೇವೆ. ಅಮ್ಮ.